ಬೆನಿಡಾರ್ಮ್‌ಗೆ ಸೀರಿ ಉಟ್ಕೊಂಡು ಹೋಗಬಹುದೇನ್ರಿ?

ಪ್ರಶ್ನೆ: ಮಗಾ ಸ್ಪೇನ್‌ನ ವೆಲೆನ್ಸಿಯಾದಾಗ ಕೆಲಸಕ್ಕದಾನ, ಆಗಸ್ಟ್‌ನ್ಯಾಗ ಬರ್ರಿ, ಬೆನಿಡಾರ್ಮ್ ಅಂತ ಸಮುದ್ರದ ಊರಿಗೆ ಕರ್ಕೊಂಡ್ ಹೋಗ್ತೀನಿ ಅಂತ ಗಂಟು ಬಿದ್ದಾನ. ನಾವು ಶಾಖಾಹಾರಿ, ನಮ್ಮನಿಯವರಿಗೆ ಮೊಣಕಾಲು ನೋವು. ಫೋಟೋದಾಗ ನೋಡಿದ್ರ ಅಲ್ಲಿ ಎಲ್ಲಾರೂ ಅರ್ಧಂಬರ್ಧ ಬಟ್ಟಿ ಮ್ಯಾಲ ಅದಾರ, ನಾ ಸೀರಿ ಉಟ್ಕೊಂಡು ಏನ್ ಮಾಡ್ಲಿ?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಹೋಗ್ರಿ ಅಕ್ಕಾರ, ಆದ್ರ ಆಗಸ್ಟ್ ಬ್ಯಾಡ. ಆವಾಗ ಅರ್ಧ ಯುರೋಪ್ ಅಲ್ಲೇ ಇರ್ತೈತಿ, ಉಸುಕಿನ ಮ್ಯಾಲ ಟವೆಲ್ ಹಾಸಾಕೂ ಜಾಗ ಸಿಗಂಗಿಲ್ಲ, ರೂಮಿನ ರೇಟಂತೂ ಕೇಳಬ್ಯಾಡ್ರಿ. ಸಪ್ಟೆಂಬರ್ ಕಡೀಕ ಹೋಗ್ರಿ, ನೀರು ಇನ್ನೂ ಬೆಚ್ಚಗ ಇರ್ತೈತಿ, ಗದ್ದಲ ಕಮ್ಮಿ ಆಗಿರ್ತೈತಿ.

ಸೀರಿ ಚಿಂತಿ ಬಿಡ್ರಿ, ಅಲ್ಲಿ ಯಾರೂ ಯಾರನ್ನೂ ನೋಡಂಗಿಲ್ಲ. ಒಂದು ಮಜಾ ಕೇಳ್ರಿ, 1950ರ ದಶಕದಾಗ, ಫ್ರಾಂಕೋನ ಸರ್ವಾಧಿಕಾರ ಇದ್ದಾಗ, ಸ್ಪೇನ್‌ನ್ಯಾಗ ಬಿಕಿನಿ ಹಾಕ್ಕೊಂಡ್ರ ದಂಡ ಬೀಳ್ತಿತ್ತು. ಬೆನಿಡಾರ್ಮ್ ಮೇಯರ್ ಪೆದ್ರೊ ಸರಗೋಸ ಮಾತ್ರ ನಮ್ಮೂರಾಗ ನಡೀತೈತಿ ಅಂದ, ಚರ್ಚಿನವರು ಸಿಟ್ಟಾದ್ರು, ಆವಾಗ ಅಂವ ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್‌ಗೆ ಹೋಗಿ ಫ್ರಾಂಕೋನ ಮುಂದನ ಕುಂತು ಮಾತಾಡ್ಕೊಂಡ್ ಬಂದ ಅಂತ ಹೇಳ್ತಾರ. ಮೀನು ಹಿಡಿಯೋರ ಊರು ಇವತ್ತು ಈ ಪರಿ ಬೆಳೆದದ್ದಕ್ಕ ಅಂವನ 1956ರ ನಗರ ಯೋಜನೆ ದೊಡ್ಡ ಕಾರಣ. ಒಂದು ಹೋಟೆಲ್ ಅಂತೂ 186 ಮೀಟರ್ ಎತ್ತರ ಐತಿ, ನಮ್ಮ ಗೋಳಗುಮ್ಮಟ ಮೂರು ಒಂದರ ಮ್ಯಾಲ ಒಂದು ಇಟ್ರೂ ಅದಕ್ಕ ಮುಟ್ಟಂಗಿಲ್ಲ.

ಇನ್ನ ಮೊಣಕಾಲಿನ ಮಾತು. ಊರಿಗೆ ಎರಡು ದೊಡ್ಡ ಬೀಚ್ ಅದಾವ, ಲೆವಾಂತೆ ಮತ್ತ ಪೊನಿಯೆಂತೆ, ನಡುವ ಗುಡ್ಡದ ಮ್ಯಾಲ ಹಳೇ ಊರು, ನೀಲಿ ಗುಮ್ಮಟದ ಚರ್ಚು. ಲೆವಾಂತೆ ಕಡೆ ಪಬ್ಬು, ಡಿಸ್ಕೊ, ಬೆಳತನಕ ಹಾಡು, ಇಂಗ್ಲೆಂಡಿನ ಹುಡುಗರ ಕೂಗಾಟ. ನೀವು ಪೊನಿಯೆಂತೆ ಕಡೆ ರೂಮ್ ಹಿಡೀರಿ ಅಂತ ಮಗಗ ಹೇಳ್ರಿ, ಅಲ್ಲಿ ಸಮುದ್ರದ ದಂಡಿಗುಂಟ ಬಣ್ಣಬಣ್ಣದ ಉದ್ದಾನೆಯ ಕಾಲುದಾರಿ ಐತಿ, ಯಜಮಾನ್ರು ಆರಾಮ ಅಡ್ಡಾಡಬಹುದು. ಮೆಡಿಟರೇನಿಯನ್‌ನ್ಯಾಗ ಉಬ್ಬರ ಇಳಿತ ಭಾಳ ಕಮ್ಮಿ, ಗೋವಾದಾಗ ಆದಂಗ ನೀರು ಅಷ್ಟು ದೂರ ಹಿಂದ ಮುಂದ ಸರಿಯಂಗಿಲ್ಲ. ಆದ್ರ ಗಾಳಿ ಎದ್ರ ತೆರಿ ಜೋರ ಇರ್ತಾವ, ಕೆಂಪು ಬಾವುಟ ಕಂಡ್ರ ನೀರಿಗೆ ಇಳೀಬ್ಯಾಡ್ರಿ.

ಊಟಕ್ಕ ಸ್ವಲ್ಪ ತ್ರಾಸ ಐತಿ. ತರಕಾರಿ ಪದಾರ್ಥ ಅಂದ್ರೂ ಮ್ಯಾಲ ಹಂದಿ ಮಾಂಸದ ಚೂರು ಉದುರ್ಸಿರ್ತಾರ, ‘ಮೀನೂ ಬ್ಯಾಡ, ಮಾಂಸಾನೂ ಬ್ಯಾಡ’ ಅಂತ ಮಗಾನ ಕೈಲೆ ಸ್ಪ್ಯಾನಿಶ್‌ನ್ಯಾಗ ಬಿಡಿಸಿ ಹೇಳಿಸ್ರಿ. ಟೊಮೆಟೊ ಸವರಿದ ಬ್ರೆಡ್, ಕರಿದ ಬಟಾಟಿ, ಆಮೇಲೆ ಓರ್ಚಾತಾ ಅಂತ ಒಂದು ಗಡ್ಡಿಯಿಂದ ತಗದ ಹಾಲಿನಂಥಾ ತಂಪು ಪಾನೀಯ, ಇವು ನಡೀತಾವ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ. ಬೆಳಗಾವಿ ಕುಂದಾ, ತುಪ್ಪ ಮಾತ್ರ ಮನ್ಯಾಗ ಬಿಡ್ರಿ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ಯುರೋಪಿಗೆ ಬಿಡಂಗಿಲ್ಲ.

ವೀಸಾ ಶೆಂಗೆನ್ (ಯುರೋಪಿನ ಭಾಳ ದೇಶಕ್ಕ ನಡಿಯೂ ಒಂದ ವೀಸಾ), ಫೀ 90 ಯುರೋ, ಜೊತಿಗೆ ಕಮ್ಮಿ ಅಂದ್ರೂ 30,000 ಯುರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಹೊರಡೂ ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು, ಈಗಿಂದನ ಹಿಡೀರಿ.