ನೀಲಿ ಹೂವೆಲ್ಲ ಒಂದೇ ಅಲ್ಲ

ಪ್ರಶ್ನೆ: ಶ್ರಾವಣದಲ್ಲಿ ಬಾದಾಮಿಯ ಗುಡ್ಡ ಹತ್ತಿದ್ದೆ. ಅಗಸ್ತ್ಯ ತೀರ್ಥದ ಮೇಲಿನ ಕೆಂಪು ಬಂಡೆಗಳ ಬಿರುಕಿನಲ್ಲಿ ಎಲ್ಲಿ ನೋಡಿದರೂ ಸಣ್ಣ ನೀಲಿ ಹೂ, ಮೂರೇ ಎಸಳು. ಆ್ಯಪ್‌ಗೆ ಫೋಟೋ ಕೊಟ್ಟರೆ ಒಮ್ಮೆ ಕೊಮೆಲಿನಾ, ಒಮ್ಮೆ ಸಯಾನೋಟಿಸ್, ಇನ್ನೊಮ್ಮೆ ಮರ್ಡಾನಿಯಾ ಅನ್ನುತ್ತದೆ. ಯಾವುದನ್ನು ನಂಬಲಿ?
— ಓದುಗರು, ಬಾದಾಮಿ

ಉತ್ತರ: ಆ್ಯಪ್ ಮೇಲೆ ಸಿಟ್ಟಾಗಬೇಡಿ, ಮೂರೂ ಒಂದೇ ಮನೆತನದವು. ಬಣ್ಣ ಬಿಡಿ, ಹೂ ಎಲ್ಲಿಂದ ಹೊರಬಂದಿದೆ ನೋಡಿ.

ಕೊಮೆಲಿನಾ ನಿಮಗೆ ಹೊಲದಲ್ಲೇ ಪರಿಚಯ ಇರಬೇಕು. ಕಳೆ ತೆಗೆಯುವಾಗ ಹಿತ್ತಗಣಿ ಅಂತ ಬೈತೀವಲ್ಲ, ಅದು ಇದೇ ಗುಂಪಿನದು. ಮಡಚಿದ ದೋಣಿಯಂಥ ಹಸಿರು ಎಲೆಯೊಳಗಿಂದ ಹೂ ಇಣುಕುತ್ತದೆ. ಆ ಮಡಿಕೆಯನ್ನು ಹಿಂಡಿದರೆ ಲೋಳೆ ನೀರು ಬರುತ್ತದೆ. ಹಿತ್ತಗಣಿಯಲ್ಲಿ ಎರಡು ಎಸಳು ದೊಡ್ಡವು, ಮೂರನೆಯದು ಸುಮ್ನೆ ಲೆಕ್ಕಕ್ಕೆ ಇದ್ದಂತೆ. ಕೊಮೆಲಿನಾ ಅಂತ ಹೆಸರಿಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದರಲ್ಲೂ ಒಂದು ತಮಾಷೆ ಮಾಡಿದ. ಈ ಹೆಸರಿಗೆ ಕಾರಣವಾದ ಡಚ್ಚರ ಕೊಮೆಲಿನ್ ಮನೆತನದ ಮೂವರಲ್ಲಿ ಇಬ್ಬರು ಸಸ್ಯಶಾಸ್ತ್ರದಲ್ಲಿ ಹೆಸರು ಮಾಡಿದರು, ಮೂರನೆಯವರು ಏನನ್ನೂ ಸಾಧಿಸುವ ಮೊದಲೇ ತೀರಿಕೊಂಡರು, ಎಸಳೂ ಹಾಗೇ ಅಂದ. ಪಾಪ ಅಲ್ವಾ?

ಸಯಾನೋಟಿಸ್‌ನಲ್ಲಿ ದೋಣಿ ಇಲ್ಲ, ಹೂಗಳು ಎಲೆಗಳ ನಡುವೆ ಒತ್ತೊತ್ತಾಗಿ ಕೂತಿರುತ್ತವೆ. ಮೂರೂ ಎಸಳು ಸಮ, ನಡುಭಾಗದಲ್ಲಿ ಕೂಡಿ ಪುಟ್ಟ ಕೊಳವೆಯಾಗಿರುತ್ತವೆ. ಆರು ಕೇಸರಗಳೂ ಒಂದೇ ಥರ, ತುಂಬ ನೀಲಿ ರೋಮ, ಗಡ್ಡ ಬಿಟ್ಟ ಹಾಗೆ. ಬಂಡೆಯ ಮೇಲಿನ ಕೆಲವು ಜಾತಿಗಳ ಎಲೆ ದಪ್ಪ, ಮೇಲೆ ಜೇಡರ ಬಲೆಯಂಥ ನೂಲು.

ಇಲ್ಲೇ ಜನ ಎಡವುವುದು. ಗಡ್ಡ ಕಂಡಕೂಡಲೇ ಸಯಾನೋಟಿಸ್ ಅನ್ನಬೇಡಿ, ಕೆಲವು ಮರ್ಡಾನಿಯಾಗಳಿಗೂ ರೋಮ ಇದೆ, ನಾನೂ ಒಮ್ಮೆ ಹಾಗೆ ಮೋಸ ಹೋಗಿ ಫೋಟೋಗೆ ತಪ್ಪು ಹೆಸರು ಬರೆದಿದ್ದೆ. ಮರ್ಡಾನಿಯಾದ ಎಸಳುಗಳು ಬುಡದವರೆಗೂ ಬೇರೆ ಬೇರೆ, ಹೂ ತೆಳ್ಳನೆ ತೊಟ್ಟಿನ ಮೇಲೆ ಎದ್ದು ನಿಂತಿರುತ್ತದೆ, ದೋಣಿ ಇಲ್ಲ. ಕೇಸರಗಳಲ್ಲಿ ಸರಿಯಾಗಿ ಪರಾಗ ಕೊಡುವವು ಸಾಮಾನ್ಯವಾಗಿ ಮೂರು, ಉಳಿದವು ಹೆಸರಿಗೆ ಮಾತ್ರ. ಉತ್ತರ ಪ್ರದೇಶದ ಸಹಾರನ್‌ಪುರದ ಸಸ್ಯತೋಟದಲ್ಲಿ ಗಿಡ ಸಂಗ್ರಹಿಸುತ್ತಿದ್ದ ಮುರ್ದಾನ್ ಅಲಿ ಅವರ ಹೆಸರು ಇದಕ್ಕಿದೆ, ನಮ್ಮ ದೇಶದವರೇ.

ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಏರಿದರೆ ಕೊಮೆಲಿನಾ ಹೂ ಮುದುಡಿ ಮುದ್ದೆಯಾಗುತ್ತದೆ, ಆಮೇಲೆ ಯಾರಿಗೂ ಗುರುತು ಸಿಗುವುದಿಲ್ಲ. ಫೋಟೋ ತೆಗೆಯುವಾಗ ಹೂವಿನ ಜೊತೆ ಪಕ್ಕದಿಂದ ತೊಟ್ಟನ್ನೂ ಎಲೆಯನ್ನೂ ತೆಗೆಯಿರಿ. ಮಳೆ ನೆಂದ ಪಾಚಿ ಜಾರುತ್ತದೆ, ಅಂಚಿಗೆ ಬಗ್ಗಬೇಡಿ. ಮತ್ತೆ ಮೊಬೈಲ್ ಹುಷಾರು, ಅಲ್ಲಿನ ಮಂಗಗಳು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ವಿಷ್ಣುಕ್ರಾಂತಿಯೂ ಕಲ್ಲಿನ ನಡುವೆ ನೀಲಿ ಹೂ ಬಿಡುತ್ತದೆ. ಅದೂ ಈ ಮನೆತನದ್ದೇನಾ?
— ಓದುಗರು, ಗೋಕಾಕ

ಉತ್ತರ: ಅಲ್ಲ. ಅದರ ಹೂ ಐದು ಮೂಲೆಯ ಒಂದೇ ಬಿಲ್ಲೆ, ಎಸಳು ಬಿಡಿಸಲು ಬರುವುದಿಲ್ಲ. ಎಲೆ ಚಿಕ್ಕದು, ರೇಷ್ಮೆಯಂಥ ರೋಮ. ಮೇಲಿನ ಮೂರರಲ್ಲಿ ಎಲೆಯ ಬುಡ ಕಾಂಡವನ್ನು ಸುತ್ತಿಕೊಂಡಿರುತ್ತದೆ, ಇದರಲ್ಲಿ ಹಾಗಿಲ್ಲ.