ಮೈಲ್ಡ್ ಬಿಯರ್ ಮುಗಿದಿದೆ, ಸ್ಟ್ರಾಂಗ್ ತಗೋಬಹುದೇ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: “ನಾನು ಯಾವಾಗಲೂ ತರುವ ಕಡಿಮೆ ಬೆಲೆಯ ಮೈಲ್ಡ್ ಬಿಯರ್ ಶನಿವಾರ ಸಂಜೆ ವೈನ್ ಶಾಪಿನಲ್ಲಿ ಸಿಗುವುದೇ ಇಲ್ಲ. ಹೆಚ್ಚುಕಮ್ಮಿ ಅದೇ ರೇಟು ಎಂದು ಸ್ಟ್ರಾಂಗ್ ಬಾಟಲಿ ಕೊಡುತ್ತಾರೆ. ತಗೋಬಹುದೇ?”

ಸಂಪಾದಕರ ಉತ್ತರ:

ದುಡ್ಡು ಕೊಡುವ ಮೊದಲು ಲೇಬಲ್ ಓದಿ ಮಾರಾಯರೇ. ಮೈಲ್ಡ್ ಅಂದರೆ ಆಲ್ಕೋಹಾಲ್ ಶೇ. 5ರ ಒಳಗೆ, ಸ್ಟ್ರಾಂಗ್ ಶೇ. 8ರವರೆಗೂ ಹೋಗುತ್ತದೆ. 650 ಮಿ.ಲೀ. ಬಾಟಲಿಯಲ್ಲಿ ಶೇ. 5ಕ್ಕೆ 32.5 ಮಿ.ಲೀ. ಆಲ್ಕೋಹಾಲ್ ಇದ್ದರೆ ಶೇ. 8ಕ್ಕೆ 52 ಮಿ.ಲೀ. ಆಗುತ್ತದೆ. ಅಷ್ಟು ಇರುವುದು 60 ಮಿ.ಲೀ.ನ ಎರಡು ಲಾರ್ಜ್ ವಿಸ್ಕಿಯಲ್ಲಿ. ಎರಡು ಮೈಲ್ಡ್ ಕುಡಿಯುವ ರೂಢಿಯವರು ಎರಡು ಸ್ಟ್ರಾಂಗ್ ಮುಗಿಸಿದರೆ ನಾಲ್ಕು ಲಾರ್ಜ್ ಹೊಟ್ಟೆಗೆ ಹೋದ ಹಾಗೆ. ಮರುದಿನದ ತಲೆನೋವಿಗೆ ಬ್ರಾಂಡನ್ನು ದೂರಿ ಫಲವಿಲ್ಲ. ಸ್ಟ್ರಾಂಗೇ ಗತಿ ಅಂತಾದರೆ 330 ಮಿ.ಲೀ.ನ ಒಂದು ಪಿಂಟ್ ಸಾಕು. ಅದರಲ್ಲಿರುವುದು ಸುಮಾರು 26 ಮಿ.ಲೀ., ನಿಮ್ಮ ಒಂದು ಮೈಲ್ಡ್ ಬಾಟಲಿಗಿಂತ ಕಡಿಮೆ. ಇನ್ನೊಂದು ಕಂಪನಿಯ ಮೈಲ್ಡ್ ಇದ್ದರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ ಎಂಬುದು ನಮ್ಮ ಸಲಹೆ.

ಇನ್ನೊಂದು ಮಾತು. ಅಂಗಡಿಯವರು “ಇಲ್ಲ” ಅಂದಾಗ ಎಷ್ಟೋ ಸಲ ಮುಗಿದಿರುವುದು ಚಿಲ್ಡ್ ಮಾತ್ರ, ಒಳಗಿನ ಪೆಟ್ಟಿಗೆಯಲ್ಲಿ ಮಾಲು ಇರುತ್ತದೆ. ಬಿಡಿಸಿ ಕೇಳಿ. ಬೆಚ್ಚಗಿನ ಬಾಟಲಿ ಸಿಕ್ಕರೂ ಚಿಂತೆಯಿಲ್ಲ: ಬಕೆಟಿನಲ್ಲಿ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಕುತ್ತಿಗೆಯವರೆಗೆ ಮುಳುಗಿಸಿ, ನಡುವೆ ಒಂದೆರಡು ಸಲ ಮೆಲ್ಲಗೆ ತಿರುಗಿಸಿ. ಇಪ್ಪತ್ತು ನಿಮಿಷದಲ್ಲಿ ಕುಡಿಯುವಷ್ಟು ತಣ್ಣಗಾಗುತ್ತದೆ. ಬರೀ ಐಸಿನಲ್ಲಿಟ್ಟರೆ ತುಂಡುಗಳ ನಡುವೆ ಗಾಳಿ ನಿಂತು ಹೊತ್ತು ಹಿಡಿಯುತ್ತದೆ. ನೀರಿದ್ದರೆ ಗಾಜಿಗೆ ಎಲ್ಲ ಕಡೆಯಿಂದ ತಂಪು ತಾಗುತ್ತದೆ, ಉಪ್ಪು ಆ ನೀರನ್ನು ಸೊನ್ನೆ ಡಿಗ್ರಿಗಿಂತ ಕೆಳಗಿಳಿಸುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ಬಿಯರ್ ಹೆಪ್ಪುಗಟ್ಟಿ ಹಿಗ್ಗಿ ಬಾಟಲಿ ಒಡೆಯುತ್ತದೆ.

ತಯಾರಿಕೆಯ ತಾರೀಖು ನೋಡದೆ ತರಬೇಡಿ. ಮುಂಬಯಿಯ ಸೆಕೆಯಲ್ಲಿ ತಿಂಗಳುಗಟ್ಟಲೆ ಹೊರಗಿದ್ದ ಬಿಯರಿಗೆ ಒದ್ದೆ ರಟ್ಟಿನ ರುಚಿ ಹತ್ತುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಬಿಸಿಲಿಗೋ ಟ್ಯೂಬ್‌ಲೈಟಿಗೋ ಮುಖ ಮಾಡಿ ನಿಂತಿದ್ದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಬೆಳಕಿಗೆ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಕಂದು ಬಾಟಲಿ ಅಥವಾ ಕ್ಯಾನ್ ಆದರೆ ಆ ತೊಂದರೆ ಕಡಿಮೆ.

ಅಗ್ಗದ್ದೇ ಮೊದಲು ಖಾಲಿಯಾಗಲು ಕಾರಣವಿದೆ. ಅದರಲ್ಲಿ ಅಂಗಡಿಗೆ ಉಳಿಯುವುದು ಕಡಿಮೆ, ಹಾಗಾಗಿ ಫ್ರಿಜ್ಜಿನ ಜಾಗ ದುಬಾರಿ ಬ್ರಾಂಡಿಗೆ ಹೋಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ಡ್ರೈ ಡೇ, ಅಂದರೆ ಮದ್ಯ ಮಾರಾಟ ಬಂದ್ ಇರುವ ದಿನದ ಹಿಂದಿನ ಸಂಜೆ ಇನ್ನೂ ಬೇಗ ಮುಗಿಯುತ್ತದೆ. ಮಾಲಿನ ಗಾಡಿ ಯಾವ ದಿನ ಬರುತ್ತದೆಂದು ಕೇಳಿಕೊಂಡು ಅಂದೇ ಹೋಗಿ. ಪೂರ್ತಿ ಪೆಟ್ಟಿಗೆ, ಅಂದರೆ 12 ಬಾಟಲಿ, ಮುಂಚೆಯೇ ಹೇಳಿದರೆ ಬಹಳಷ್ಟು ಅಂಗಡಿಯವರು ತೆಗೆದಿಡುತ್ತಾರೆ. ಚಿಲ್ಡ್ ಎಂಬ ನೆಪಕ್ಕೆ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಗೋವಾದಲ್ಲಿ ಅಗ್ಗ ಎಂದು ಅಲ್ಲಿಂದ ಹೊರೆಸಿಕೊಂಡು ಬರುವ ಯೋಚನೆಯನ್ನಂತೂ ಬಿಡಿ. ಪರವಾನಗಿಯಿಲ್ಲದೆ ಗಡಿ ದಾಟಿಸಿದರೆ ಮಹಾರಾಷ್ಟ್ರದ 1949ರ ಮದ್ಯನಿಷೇಧ ಕಾಯ್ದೆಯಡಿ ಕೇಸು ಬೀಳುತ್ತದೆ.