ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಮ್ಮ ಗೇಮ್‌ನ ಕವರ್ ಮೇಲೆ ಯಾರೂ ಕ್ಲಿಕ್ ಮಾಡುತ್ತಿಲ್ಲ. ಚಿತ್ರ ಚೆಂದ ಇದೆ, ತಪ್ಪೆಲ್ಲಿದೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಹುಬ್ಬಳ್ಳಿಯ ಇಬ್ಬರು ಗೆಳೆಯರು ಸೇರಿ ‘ಮುಸ್ಸಂಜೆಯ ಮೆಟ್ಟಿಲು’ ಅಂತ ಒಗಟಿನ ಗೇಮ್ ಮಾಡಿದ್ದೀರಿ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಮೆಟ್ಟಿಲುಬಾವಿಯೊಳಗೆ ನೀರು ಏರಿಸಿ, ಇಳಿಸಿ ದಾರಿ ಹುಡುಕುವ ಆಟ. ಕವರ್‌ನಲ್ಲಿ ರಾತ್ರಿಯ ಬಾವಿ, ಬೆನ್ನು ತಿರುಗಿಸಿ ನಿಂತ ಹುಡುಗಿ, ಕೈಯಲ್ಲಿ ಕಂದೀಲು, ಸುತ್ತ ಕಸೂತಿಯ ಅಂಚು, ಕೆಳಗೆ ಎರಡು ಸಾಲಿನಲ್ಲಿ ಹೆಸರು. ಬರೆದವರ ಕೈ ಚೊಲೋ ಅದ ನೋಡ್ರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಗೋಡೆಗೆ ತೂಗುಹಾಕುವ ಚಿತ್ರ. ನಿಮಗೆ ಬೇಕಾದದ್ದು ಬಸ್ಸಿನ ಬೋರ್ಡು. ಗದಗದ ಬಸ್ ಸ್ಟ್ಯಾಂಡಿನಲ್ಲಿ ಓಡಿ ಬರುವವರು ಬೋರ್ಡಿನ ಮೇಲೆ ಊರಿನ ಹೆಸರು ಕಂಡರೆ ಹತ್ತುತ್ತಾರೆ, ಇಲ್ಲದಿದ್ದರೆ ಮುಂದಿನ ಬಸ್ಸಿನ ಕಡೆ ಹೋಗುತ್ತಾರೆ.

ಮೊದಲು ಕವರನ್ನು 120×45 ಪಿಕ್ಸೆಲ್‌ಗೆ ಇಳಿಸಿ ನೋಡಿ. ಕವರ್ ಚಿತ್ರಕ್ಕೆ ಸ್ಟೀಮ್ ಇಟ್ಟ ಹೆಸರು ಕ್ಯಾಪ್ಸೂಲ್. ನೀವು ಅಪ್‌ಲೋಡ್ ಮಾಡುವ ಸ್ಮಾಲ್ ಕ್ಯಾಪ್ಸೂಲ್ 462×174 ಇದ್ದರೂ ಸ್ಟೀಮ್ ಅದನ್ನು ತಾನೇ 184×69 ಮತ್ತು 120×45 ಅಳತೆಗೆ ಕುಗ್ಗಿಸಿ ಪಟ್ಟಿಗಳಲ್ಲಿ ತೋರಿಸುತ್ತದೆ. ಸ್ಟೀಮ್‌ನ ಹುಡುಕಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬೇರೆ ಹತ್ತು ಒಗಟಿನ ಗೇಮ್‌ಗಳ ನಡುವೆ ನಿಮ್ಮದನ್ನು ಅಂಟಿಸಿ. ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಎರಡು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ‘ಹೆಂಗೈತಿ?’ ಅಂತ ಕೇಳಬೇಡಿ. ನಮ್ಮ ಕಡೆ ಹಾಗೆ ಕೇಳಿದರೆ ‘ಮಸ್ತ್ ಐತಿ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ‘ಹೆಸರೇನಿತ್ತು? ಎಂಥ ಆಟ ಅನ್ನಿಸ್ತು?’ ಅಂತ ಕೇಳಿ. ಈ ಅಳತೆಯಲ್ಲಿ ನಿಮ್ಮ ಕಸೂತಿ ಅಂಚು ಬರೀ ಧೂಳಾಗಿ ಕಾಣುತ್ತದೆ. ಒಂದೊಂದು ಹೊಲಿಗೆಯೂ ಒಂದು ಪಿಕ್ಸೆಲ್‌ಗಿಂತ ಸಣ್ಣದಾದಾಗ ಅದಕ್ಕೆ ಬೇರೆ ಗತಿಯಿಲ್ಲ. ಅಂಚನ್ನು ಕವರ್‌ನಿಂದ ತೆಗೆದು ಅಂಗಡಿ ಪುಟದ ಹಿನ್ನೆಲೆಗೆ ಹಾಕಿ. ಅದರ ಅಳತೆ 1438×810, ಅಲ್ಲಿ ಅದು ನಿಜಕ್ಕೂ ಒಪ್ಪುತ್ತದೆ.

ಎರಡನೆಯದು ಕತ್ತಲೆ. ಸ್ಟೀಮ್ ಪುಟದ ಬಣ್ಣವೇ ಕಡುನೀಲಿ. ಅದರ ಮೇಲೆ ಅಂಚೆಲ್ಲ ಕಪ್ಪಾದ ಚಿತ್ರ ಇಟ್ಟರೆ ಕವರ್ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ: ಹುಡುಗಿ, ಕಲ್ಲು, ನೀರು ಮೂರೂ ಒಂದೇ ಬೂದಿಬಣ್ಣಕ್ಕೆ ತಿರುಗುತ್ತವೆ. ಬಣ್ಣ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಬೆಳಕನ್ನೇ ಮರುಹಂಚಬೇಕು. ಹೆಸರಿನಲ್ಲೇ ಮುಸ್ಸಂಜೆ ಇರುವಾಗ ನಡುರಾತ್ರಿ ಯಾಕೆ? ಬಾವಿಯ ಬಾಯಿಂದ ಸಂಜೆಬಿಸಿಲು ಓರೆಯಾಗಿ ಒಳಗೆ ಬೀಳಲಿ, ಮೆಟ್ಟಿಲಿನ ಒಂದು ಮುಖ ಬೆಳಗಲಿ, ಇನ್ನೊಂದು ನೆರಳಲ್ಲಿರಲಿ. ಮೆಟ್ಟಿಲುಬಾವಿಯ ಗೆರೆಗಳು ಹೇಗೂ ಕಣ್ಣನ್ನು ನಡುವಿಗೇ ಎಳೆಯುತ್ತವೆ, ಆ ಅನುಕೂಲವನ್ನು ನೀವು ಕತ್ತಲಲ್ಲಿ ಮುಚ್ಚಿಟ್ಟಿದ್ದೀರಿ. ಲಕ್ಕುಂಡಿಯ ಗುಡಿಗಳ ಬಳಪದ ಕಲ್ಲಿನಂತೆ ಹಸಿರು-ಬೂದು ಬಣ್ಣ ಕಲ್ಲಿಗಿರಲಿ, ಹುಡುಗಿಯ ಬಟ್ಟೆ ಮಾತ್ರ ಬ್ಯಾಡಗಿ ಮೆಣಸಿನಕಾಯಿಯ ಕೆಂಪಾಗಲಿ. ಆ ಕೆಂಪು ಬೇರೆಲ್ಲೂ ಬರಬಾರದು, ಹೆಸರಿನ ಅಕ್ಷರದಲ್ಲೂ ಬೇಡ.

ಆದರೆ ನಿಮ್ಮ ಕವರಿನ ದೊಡ್ಡ ತಪ್ಪು ಇವೆರಡೂ ಅಲ್ಲ. ಕತ್ತಲ ಬಾವಿ, ಕಂದೀಲು, ಬೆನ್ನು ತೋರಿಸಿದ ಹುಡುಗಿ ಅಂದರೆ ನೋಡುವವರ ಮನಸ್ಸಿಗೆ ಬರುವುದು ದೆವ್ವದ ಗೇಮ್. ಒಗಟು ಬಿಡಿಸುವವರು ದಾಟಿ ಹೋಗುತ್ತಾರೆ. ಹೆದರಲಿಕ್ಕೆ ಅಂತ ಬಂದವರು ಹೆದರಿಕೆ ಸಿಗದೆ ಹಣ ವಾಪಸ್ ಕೇಳುತ್ತಾರೆ. ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ ಎನ್ನುವುದು ನೆನಪಿರಲಿ. ಕವರಿನಲ್ಲಿ ಕಥೆಗಿಂತ ಮೊದಲು ಆಟದ ಕ್ರಿಯೆ ಕಾಣಬೇಕು. ನಿಮ್ಮ ಆಟದ ಕ್ರಿಯೆ ನೀರಿನ ಮಟ್ಟ. ಹಾಗಾದರೆ ನೀರಿನ ಗೆರೆಯನ್ನೇ ಚಿತ್ರದ ನಡುವೆ ಎಳೆಯಿರಿ: ಮೇಲೆ ಮೆಟ್ಟಿಲು ತುಂಡಾಗಿದೆ, ಕೆಳಗೆ ನೀರಿನ ಪ್ರತಿಬಿಂಬದಲ್ಲಿ ಅದೇ ಮೆಟ್ಟಿಲು ಪೂರ್ತಿಯಾಗಿದೆ. ಹುಡುಗಿ ಪಕ್ಕಕ್ಕೆ ತಿರುಗಿ ಅದನ್ನು ನೋಡುತ್ತಿದ್ದಾಳೆ. ಇಷ್ಟು ಕಂಡರೆ ಇದು ಒಗಟು ಅಂತ ಯಾವ ಭಾಷೆಯವರಿಗೂ ಹೊಳೆಯುತ್ತದೆ.

ಈಗ ಹೆಸರು. ಕನ್ನಡ ಅಕ್ಷರ ಚಿಕ್ಕ ಅಳತೆಗೆ ಸುಲಭವಾಗಿ ಬಗ್ಗುವುದಿಲ್ಲ, ಕಾರಣ ಒತ್ತು. 45 ಪಿಕ್ಸೆಲ್ ಎತ್ತರದಲ್ಲಿ ಎರಡು ಸಾಲು ಅಂದರೆ ಸಾಲಿಗೆ 22. ಅದರಲ್ಲಿ ‘ಸ್ಸ’, ‘ಟ್ಟಿ’ಗಳ ಒತ್ತಿಗೆ ಕೆಳಗೆ ಜಾಗ ಬಿಟ್ಟರೆ ಮೂಲ ಅಕ್ಷರಕ್ಕೆ ಉಳಿಯುವುದು 12-13 ಪಿಕ್ಸೆಲ್. ಸಾಲದ್ದಕ್ಕೆ ಮೇಲಿನ ಸಾಲಿನ ‘ಸ್ಸ’ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ, ನಿಮ್ಮ ಚಿತ್ರದಲ್ಲಿ ಆಗಿರುವುದೂ ಅದೇ. ‘ಮೆಟ್ಟಿಲು’ ಎತ್ತರದ ಮೂರರಲ್ಲಿ ಎರಡು ಪಾಲು ತೆಗೆದುಕೊಳ್ಳಲಿ, ‘ಮುಸ್ಸಂಜೆಯ’ ಅದರ ತಲೆಯ ಮೇಲೆ ಸಣ್ಣದಾಗಿ ಕೂರಲಿ. ‘ಸ್ಸ’ದ ಒತ್ತು ‘ಮೆ’ ಮತ್ತು ‘ಟ್ಟಿ’ಯ ನಡುವಿನ ಸಂದಿಗೆ ಇಳಿಯುವ ಹಾಗೆ ಸಾಲನ್ನು ಸರಿಸಿ. ಫಾಂಟ್ ಬೇಕಿದ್ದರೆ ಅನೇಕ್ ಕನ್ನಡ ನೋಡಿ. ಅದರಲ್ಲಿ ದಪ್ಪದ ಜೊತೆ ಅಗಲವನ್ನೂ ಹೆಚ್ಚು-ಕಡಿಮೆ ಮಾಡಬಹುದು, ಮಾರುವ ಗೇಮ್‌ಗೂ ಬಳಸಬಹುದು. ಬಾಲೂ ತಮ್ಮ ಕೂಡ ಇದೆ, ಆದರೆ ಅದರ ಗುಂಡುಮೈ ಮಕ್ಕಳ ಆಟದ ಕಳೆ ತರುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತು ಒಡೆದು ಪಕ್ಕಕ್ಕೆ ಬರುತ್ತಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಹೆಸರು ಅಂತಿಮವಾದ ಮೇಲೆ ಔಟ್‌ಲೈನ್ ಮಾಡಿಯೇ, ಅಂದರೆ ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸಿಯೇ ಕಳಿಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಕೊಳ್ಳುವವರು ಬಹುಪಾಲು ಹೊರದೇಶದವರು ಅಂತ ನಿಮ್ಮ ಲೆಕ್ಕವಿದ್ದರೆ ಮುಖ್ಯ ಲೋಗೊ, ಅಂದರೆ ಹೆಸರಿನ ಅಕ್ಷರಚಿತ್ರ, ಇಂಗ್ಲಿಷ್ ಲಿಪಿಯಲ್ಲೇ ಇರಲಿ, ಬೇಜಾರು ಬೇಡ. ಪುಟದಲ್ಲಿ ದಾಖಲಾದ ಹೆಸರೂ ಲೋಗೊದ ಹೆಸರೂ ಬೇರೆ ಬೇರೆಯಾದರೆ ಹುಡುಕಿ ಬಂದವರಿಗೆ ಗೊಂದಲ.

ಸ್ಮಾಲ್ ಕ್ಯಾಪ್ಸೂಲ್‌ನಲ್ಲಿ ಲೋಗೊವೇ ಹೆಚ್ಚುಕಡಿಮೆ ಪೂರ್ತಿ ಜಾಗ ತುಂಬಬೇಕು, ಹಿಂದೆ ಕಲ್ಲು-ನೀರಿನ ಬಣ್ಣವಷ್ಟೇ ಸಾಕು. ಹುಡುಗಿಯನ್ನು ಅಲ್ಲಿ ಕೂರಿಸಲು ಹೋಗಬೇಡಿ. ಇದಲ್ಲದೆ ಬೇರೆ ಬೇರೆ ಜಾಗಕ್ಕೆ ಸ್ಟೀಮ್ ಕೇಳುವ ಅಳತೆಗಳಿವೆ: ಹೆಡರ್ 920×430, ಮೇನ್ ಕ್ಯಾಪ್ಸೂಲ್ 1232×706, ವರ್ಟಿಕಲ್ 748×896, ಲೈಬ್ರರಿ ಕ್ಯಾಪ್ಸೂಲ್ 600×900. ಅಡ್ಡ ಚಿತ್ರವನ್ನು ಕತ್ತರಿಸಿ ಉದ್ದದ್ದು ಮಾಡಿದರೆ ಹುಡುಗಿಯೋ ಪ್ರತಿಬಿಂಬವೋ ಒಂದು ಹೋಗುತ್ತದೆ. ಆದ್ದರಿಂದ ಕಲಾವಿದರಿಗೆ ಹಣ ಮಾತಾಡುವಾಗಲೇ ಹೇಳಿ: ಹಿನ್ನೆಲೆ, ಮೆಟ್ಟಿಲು, ನೀರು, ಹುಡುಗಿ, ಬೆಳಕು, ಲೋಗೊ ಬೇರೆ ಬೇರೆ ಲೇಯರ್‌ನಲ್ಲಿರುವ ಪಿಎಸ್‌ಡಿ (ಫೋಟೊಶಾಪ್ ಫೈಲು) ಬೇಕು, ಲೋಗೊದ ಹಿಂದೆ ಮರೆಯಾದ ಭಾಗವನ್ನೂ ಪೂರ್ತಿ ಬರೆದಿರಬೇಕು, ನಾಲ್ಕೂ ಕಡೆ ಹೆಚ್ಚುವರಿ ಜಾಗ ಬಿಟ್ಟಿರಬೇಕು. ಎಷ್ಟು ಸಲ ತಿದ್ದುಪಡಿ, ಬಳಕೆಯ ಹಕ್ಕು ಯಾರಿಗೆ ಎನ್ನುವುದೂ ಬರಹದಲ್ಲಿರಲಿ. ಇದನ್ನು ಆಮೇಲೆ ಕೇಳಿದರೆ ಸ್ನೇಹವೂ ಕೆಡುತ್ತದೆ, ಫೈಲೂ ಸಿಗುವುದಿಲ್ಲ. ಗೇಮ್ ಕೊಂಡವರ ಲೈಬ್ರರಿ ಪುಟದ ಮೇಲ್ಭಾಗದಲ್ಲಿ ಕಾಣುವ ಅಗಲ ಚಿತ್ರ, ಲೈಬ್ರರಿ ಹೀರೊ, 3840×1240. ಅದರಲ್ಲಿ ಅಕ್ಷರ ಇರಕೂಡದು. ಲೋಗೊವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ಬೇರೆಯೇ ಕೊಡಬೇಕು. ಹೆಸರನ್ನು ಎಡ ಮೇಲ್ಮೂಲೆಗೆ ಅಂಟಿಸಬೇಡಿ, ಈ ಗೇಮ್ ನಿಮ್ಮ ವಿಶ್‌ಲಿಸ್ಟ್‌ನಲ್ಲಿದೆ (ಕೊಳ್ಳಬೇಕೆಂದು ಗುರುತಿಟ್ಟದ್ದು) ಎಂಬ ಸಣ್ಣ ಚೀಟಿ ಬರುವುದು ಅಲ್ಲೇ. ಇಂಡೀ ಗೇಮ್‌ಗಳ ಇನ್ನೊಂದು ತಾಣವಾದ ಇಚ್‌ನಲ್ಲೂ (itch.io) ಇಡುವುದಾದರೆ ಅಲ್ಲಿಯ ಕವರ್ 630×500, ಚಲಿಸುವ ಜಿಫ್ ಕೂಡ ನಡೆಯುತ್ತದೆ. ನೀರು ಏರಿಳಿಯುವ ಮೂರು ಸೆಕೆಂಡಿನ ಜಿಫ್ ನಿಮ್ಮ ಗೇಮ್‌ಗೆ ಹೇಳಿ ಮಾಡಿಸಿದಂತಿರುತ್ತದೆ.

ಪ್ರಶಸ್ತಿಯ ಪದಕ, ವಿಮರ್ಶೆಯ ಅಂಕ, ‘ಈಗ ರಿಯಾಯಿತಿ’ ಇವನ್ನು ಕವರಿನಲ್ಲಿ ಹಾಕುವಂತಿಲ್ಲ. 2022ರ ಸೆಪ್ಟೆಂಬರ್‌ನಿಂದ ಗೇಮ್‌ನ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟಕ್ಕೇ ಸ್ಟೀಮ್ ಅವಕಾಶ ಕೊಡುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಮಾತ್ರ ಅದರ ಸುದ್ದಿ ಬರೆದ ಚಿತ್ರವನ್ನು ತಾತ್ಕಾಲಿಕವಾಗಿ, ಹೆಚ್ಚೆಂದರೆ ಒಂದು ತಿಂಗಳು ಇಡಬಹುದು.

ಹೊಸ ಕವರ್ ಹಾಕಿದ ದಿನಾಂಕ ಬರೆದಿಟ್ಟುಕೊಳ್ಳಿ. ಗೇಮ್ ಮಾಡುವವರಿಗೆ ಸ್ಟೀಮ್ ಕೊಡುವ ಸ್ಟೀಮ್‌ವರ್ಕ್ಸ್ ತಾಣದ ಟ್ರಾಫಿಕ್ ವರದಿಯಲ್ಲಿ ಕವರ್ ಎಷ್ಟು ಸಲ ಕಂಡಿತು, ಎಷ್ಟು ಜನ ಪುಟಕ್ಕೆ ಬಂದರು ಎನ್ನುವುದು ಮೂಲವಾರು ಸಿಗುತ್ತದೆ. ಒಟ್ಟು ಮೊತ್ತ ನೋಡಬೇಡಿ. ಹುಡುಕಾಟದಿಂದ ಬಂದದ್ದನ್ನು ಹುಡುಕಾಟದ ಜೊತೆಗೇ, ಬದಲಿಸುವ ಮುಂಚಿನ ಎರಡು ವಾರ ಮತ್ತು ನಂತರದ ಎರಡು ವಾರ ಅಂತ ಹೋಲಿಸಿ. ಸೇಲ್ ಅಥವಾ ಫೆಸ್ಟ್ ನಡೆಯುವಾಗ ಬದಲಿಸಬೇಡಿ. ಆಗ ಬರುವ ಜನವೇ ಬೇರೆ, ಅಂಕಿ ಏರಿದ್ದು ಕವರಿನಿಂದಲೋ ಸೇಲ್‌ನಿಂದಲೋ ಬಿಡಿಸಲಾಗುವುದಿಲ್ಲ. ಹೆಸರಿನ ಜೋಡಣೆ ಮತ್ತು ಚಿತ್ರ ಎರಡನ್ನೂ ಒಂದೇ ದಿನ ಬದಲಿಸಿದರೂ ಇದೇ ತೊಡಕು. ಮೊದಲು ಚಿತ್ರ ಬದಲಿಸಿ. ಲೋಗೊ ತಿದ್ದಲು ಹೇಗೂ ನಿಮಗೆ ಇನ್ನೆರಡು ವಾರ ಹಿಡಿಯುತ್ತದೆ.